ಬರ್ಬನ್ ಪೀಪಾಯಿಗೆ ಹೋಗಿ ಬಂದ ಬ್ರಾಂದಿ: ಮಾರ್ಟೆಲ್ ಬ್ಲೂ ಸ್ವಿಫ್ಟ್

ಮೊದಲು ಮೂಗಿಗೆ ಬಂದದ್ದು ಕೊಬ್ಬರಿ. ಗಿಟುಕು ಒಡೆದ ಕೂಡಲೇ ಬರುತ್ತಲ್ಲ, ಅದೇ ವಾಸನೆ. ದ್ರಾಕ್ಷಿಯಿಂದ ಮಾಡಿದ ಬ್ರಾಂದಿಗೆ ಕೊಬ್ಬರಿ ಎಲ್ಲಿಂದ ಬಂತು ಅಂತ ಗ್ಲಾಸು ಕೆಳಗಿಟ್ಟು ಬಾಟಲಿ ತಿರುಗಿಸಿ ನೋಡಿದೆ. ಲೇಬಲ್ ಮೇಲೆ ಬರ್ಬನ್, ಅಂದರೆ ಅಮೆರಿಕದ ಒಂದು ಬಗೆಯ ವಿಸ್ಕಿ, ಅದರ ಪೀಪಾಯಿಯ ಮಾತಿತ್ತು.

ಮಾರ್ಟೆಲ್ ಫ್ರಾನ್ಸಿನ ಕೊನ್ಯಾಕ್ ಊರಿನ ಕಂಪನಿ, 1715ರಲ್ಲಿ ಶುರುವಾದದ್ದು. ಆ ಸೀಮೆಯ ಬ್ರಾಂದಿಗೂ ಕೊನ್ಯಾಕ್ ಅಂತಲೇ ಹೆಸರು. ಅವರ ಗುರುತಿನಲ್ಲಿರುವುದು ಸ್ವಿಫ್ಟ್ ಹಕ್ಕಿ, ಈ ಬಾಟಲಿಯ ಹೆಸರೂ ಅದರಿಂದಲೇ. 2016ರಲ್ಲಿ ಅವರು ತಮ್ಮದೇ ವಿಎಸ್‌ಒಪಿ ಕೊನ್ಯಾಕನ್ನು, ಅಂದರೆ ಕನಿಷ್ಠ 4 ವರ್ಷ ಓಕ್ ಮರದಲ್ಲಿ ಮಾಗಿದ್ದನ್ನು, ಅಮೆರಿಕದ ಕೆಂಟಕಿಯಲ್ಲಿ ಬರ್ಬನ್ ವಿಸ್ಕಿ ಇಟ್ಟು ಖಾಲಿಯಾದ ಪೀಪಾಯಿಗಳಿಗೆ ಸುರಿದು ಇನ್ನಷ್ಟು ಮಾಗಿಸಿ ಮಾರುಕಟ್ಟೆಗೆ ತಂದರು. ಇಲ್ಲೇ ಒಂದು ತೊಡಕು. ಕೊನ್ಯಾಕ್ ಅಂತ ಕರೆಸಿಕೊಳ್ಳಬೇಕಾದರೆ ದ್ರಾಕ್ಷಿ ಆ ಸೀಮೆಯದ್ದೇ ಇರಬೇಕು, ತಾಮ್ರದ ಹಂಡೆಯಲ್ಲಿ ಎರಡು ಸಲ ಬಟ್ಟಿ ಇಳಿಸಬೇಕು, ಓಕ್ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ ಇಡಬೇಕು. ಇದೆಲ್ಲ ಸರಿಯಾಗಿ ಮಾಡಿದ್ದರೂ ವಿಸ್ಕಿ ಪೀಪಾಯಿಗೆ ಹೋದ ಮೇಲೆ ಅದನ್ನು ಕೊನ್ಯಾಕ್ ಅಂತ ಮಾರುವಂತಿಲ್ಲ. ಮುನ್ನೂರು ವರ್ಷ ಆ ಹೆಸರಿನಲ್ಲೇ ಬಾಳಿದವರು ಒಂದು ರುಚಿಗಾಗಿ ಅದನ್ನು ಬಿಟ್ಟುಕೊಟ್ಟರಲ್ಲ, ನನಗೆ ತುಂಬಾ ಹಿಡಿಸಿದ್ದು ಇದೇ.

ಬರ್ಬನ್‌ಗೆ ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು, ಅಮೆರಿಕದ ಕಾನೂನೇ ಹಾಗಿದೆ. ಒಂದು ಸಲ ಬಳಸಿದ್ದು ಮತ್ತೆ ಬರ್ಬನ್‌ಗೆ ಬರುವುದಿಲ್ಲ, ಹಾಗಾಗಿ ಬೇರೆ ದೇಶಗಳಿಗೆ ಹೊರಡುತ್ತದೆ. ಅಮೆರಿಕದ ಬಿಳಿ ಓಕ್‌ನಲ್ಲಿ ಕೊಬ್ಬರಿ, ವೆನಿಲಾ ವಾಸನೆ ಜಾಸ್ತಿ. ನನ್ನ ಗ್ಲಾಸಿನ ಕೊಬ್ಬರಿ ಆ ಮರದ್ದು.

ನಮ್ಮ ಮನೆಯಲ್ಲಿ ಬ್ರಾಂದಿ ಅಂದರೆ ಶೀತಕ್ಕೆ ಬಿಸಿನೀರಿನಲ್ಲಿ ಒಂದು ಮುಚ್ಚಳ, ಅಷ್ಟೇ. ಅದೂ ಬಹುಪಾಲು ಕಾಕಂಬಿಯ ಸ್ಪಿರಿಟ್‌ನಿಂದ ಮಾಡಿದ್ದು. ಅದರ ಮೇಲೆ ಬೆಳೆದವನು ನಾನು. ಆದ್ದರಿಂದ ಇದನ್ನು ಆತುರ ಮಾಡದೆ ಮೂರು ಸಂಜೆ ಕೂತು ಕುಡಿದೆ, ಪ್ರತಿ ಸಲ ಸ್ವಲ್ಪವೇ.

ಸುರಿದ ತಕ್ಷಣ ಕುಡಿದರೆ ಬರ್ಬನ್ ಮುಂದೆ ನಿಲ್ಲುತ್ತದೆ. ವೆನಿಲಾ, ಸುಟ್ಟ ಸಕ್ಕರೆ, ಕೊಬ್ಬರಿ. ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಆಗ ಹಣ್ಣು ಮೇಲೆ ಬರುತ್ತದೆ: ಪ್ಲಮ್, ಒಣ ಅಂಜೂರ, ಆಮೇಲೆ ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣಿನ ವಾಸನೆ, ಅದು ಎಷ್ಟು ಸ್ಪಷ್ಟ ಅಂದರೆ ಪಕ್ಕದಲ್ಲಿ ಕೂತಿದ್ದ ಗೆಳೆಯ ನಾನು ಹೇಳುವ ಮೊದಲೇ ಹೇಳಿಬಿಟ್ಟ. ನಾಲಿಗೆಗೆ ನುಣುಪು. 40% ಆಲ್ಕೋಹಾಲ್ ಅನ್ನುವುದು ಗೊತ್ತೇ ಆಗಲಿಲ್ಲ. ನುಂಗಿದ ಮೇಲೆ ಗಂಟಲಲ್ಲಿ ಒಣಶುಂಠಿಯ ಸಣ್ಣ ಖಾರ ಉಳಿಯಿತು.

ಎರಡನೇ ಸಂಜೆ ಐಸ್ ಹಾಕಿದೆ, ಬಾಳೆಹಣ್ಣು ಕಾಣೆಯಾಯಿತು. ಮೂರನೇ ಸಂಜೆ ನಾಲ್ಕೇ ಹನಿ ನೀರು, ಜೊತೆಗೆ ಧಾರವಾಡ ಪೇಡ. ಪೇಡದ ಕೆಂಪಗೆ ಹುರಿದ ಖೋವಾಗೂ ಆ ಸುಟ್ಟ ಓಕ್‌ಗೂ ಹೊಂದಿಕೊಂಡ ರೀತಿಗೆ ಇಬ್ಬರೂ ಮಾತು ನಿಲ್ಲಿಸಿದೆವು! ಬೆಳಿಗ್ಗೆ ತೊಳೆಯದ ಗ್ಲಾಸನ್ನು ಮೂಸಿದರೆ ಕೊಬ್ಬರಿ ಹೋಗಿತ್ತು, ಒಣದ್ರಾಕ್ಷಿ ಇನ್ನೂ ಇತ್ತು.

ಕನಿಷ್ಠ 10 ವರ್ಷ ಮಾಗಿದ ಎಕ್ಸ್‌ಒ ಕೊನ್ಯಾಕ್ ಕುಡಿದು ಅಭ್ಯಾಸ ಇರುವವರು ಆ ಆಳವನ್ನು ಇದರಲ್ಲಿ ಹುಡುಕಬೇಡಿ, ಇದರ ದಾರಿಯೇ ಬೇರೆ. ವಿಸ್ಕಿ ಕುಡಿಯುವವರು ಬ್ರಾಂದಿ ಕಡೆ ಒಂದು ಹೆಜ್ಜೆ ಇಡಬೇಕು ಅಂತಿದ್ದರೆ ಇದನ್ನೇ ತೆಗೆದುಕೊಳ್ಳಿ. ಬಾಯಿ ಕಿರಿದಾದ ಗ್ಲಾಸು ಇರಲಿ, ಕೋಲಾ ಬೇಡ.