ಮೆರ್ರಿ ಕ್ರಿಸ್‌ಮಸ್: ಮೊದಲ ತಾಸು ಏನೂ ಆಗುವುದಿಲ್ಲ ಎನ್ನುವವರಿಗೆ

‘ಒಂದು ತಾಸು ಎಂತದೂ ಆಗೂದಿಲ್ಲ ಮಾರಾಯಾ, ಆಮೇಲೆ ನೋಡು.’ ಶ್ರೀರಾಮ್ ರಾಘವನ್ ನಿರ್ದೇಶನದ ‘ಮೆರ್ರಿ ಕ್ರಿಸ್‌ಮಸ್’ ನೋಡಿದ ಬಹಳ ಜನ ಹೇಳುವುದು ಹೀಗೇ. ಅರ್ಧಕ್ಕೇ ಬಿಟ್ಟವರೂ ಇದೇ ಮಾತು ಹೇಳುತ್ತಾರೆ, ಪೂರ್ತಿ ನೋಡಿ ಮೆಚ್ಚಿದವರೂ ಇದೇ ಮಾತಿನಿಂದ ಶುರು ಮಾಡುತ್ತಾರೆ. ಪ್ರೇಮ ಮತ್ತು ಕೊಲೆ ಎರಡನ್ನೂ ಒಂದೇ ರಾತ್ರಿಯೊಳಗೆ ಹೆಣೆದ ಹಿಂದಿ ಚಿತ್ರಗಳಲ್ಲಿ ಇದು ಮೇಲಿನ ಸಾಲಿನಲ್ಲಿ ಕೂರುವಂಥದ್ದು. ಏನೂ ಆಗುವುದಿಲ್ಲ ಎನ್ನುವ ಆ ತಾಸಿನಲ್ಲಿಯೇ ಚಿತ್ರದ ಮುಕ್ಕಾಲು ಪಾಲು ಕೆಲಸ ನಡೆದಿರುತ್ತದೆ. ಅದನ್ನು ಹಿಡಿಯಬೇಕಾದರೆ ನೋಡುವ ಕ್ರಮ ಸ್ವಲ್ಪ ಬದಲಾಗಬೇಕು, ಮನೆಯ ಟಿವಿಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು.

ಚಿತ್ರ ತೆರೆಕಂಡದ್ದು 2024ರ ಜನವರಿ 12ರಂದು. ಹೆಸರಿನಲ್ಲಿ ಕ್ರಿಸ್‌ಮಸ್, ಬಂದದ್ದು ಸಂಕ್ರಾಂತಿಗೆ, ಅದೂ ತೆಲುಗು, ತಮಿಳಿನ ದೊಡ್ಡ ನಟರ ಚಿತ್ರಗಳ ಮಧ್ಯೆ. ಸಾಲದ್ದಕ್ಕೆ ಇದೇ ನಿರ್ದೇಶಕರ 2018ರ ‘ಅಂಧಾಧುನ್’ ನೋಡಿದವರೆಲ್ಲ ಅಂಥದೇ ಓಟ ಸಿಗುತ್ತದೆಂದು ಹೋಗಿ ಕೂತರು. ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಥೆ ಪಲ್ಟಿ ಹೊಡೆಯುತ್ತಿತ್ತು. ಇಲ್ಲಿ ಇಬ್ಬರು ಅಪರಿಚಿತರು ರಾತ್ರಿಯಿಡೀ ನಡೆಯುತ್ತಾರೆ, ಕುಡಿಯುತ್ತಾರೆ, ಮಾತಾಡುತ್ತಾರೆ. ವಿಮರ್ಶಕರು ಹೊಗಳಿದರೂ ಥಿಯೇಟರಿನಲ್ಲಿ ಚಿತ್ರ ನಿಲ್ಲಲಿಲ್ಲ. ಮಾರ್ಚ್ 8ಕ್ಕೆ ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆಯೇ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೆಚ್ಚಿನವರ ಕೈಗೆ ಸಿಕ್ಕಿದ್ದು. ಕಾರವಾರದವರು ಮಲ್ಟಿಪ್ಲೆಕ್ಸ್ ಬೇಕೆಂದರೆ ಗೋವಾದ ಮಡಗಾಂವಿಗೆ ಹೋಗಬೇಕು, ಒಂದು ಕಡೆಗೇ ಎಪ್ಪತ್ತು ಕಿಲೋಮೀಟರ್ ಹತ್ತಿರ. ಶಿರಸಿಯವರಿಗೆ ಹುಬ್ಬಳ್ಳಿ, ಅದು ಇನ್ನೂ ದೂರ. ಹಾಗಾಗಿ ಇದು ಇಲ್ಲಿ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡುವ ಚಿತ್ರವಾಯಿತು. ನಿಧಾನ ಎನ್ನುವ ದೂರಿಗೆ ಅರ್ಧ ಕಾರಣ ಅಲ್ಲಿಯೇ ಇದೆ.

ಕಥೆಯ ಬಾಗಿಲಷ್ಟೇ ತೆರೆದು ತೋರಿಸುತ್ತೇನೆ. ಬಾಂಬೆ ಇನ್ನೂ ಮುಂಬೈ ಆಗಿರದ ಕಾಲ, ಯಾರ ಕೈಯಲ್ಲೂ ಮೊಬೈಲ್ ಇಲ್ಲ. ಏಳು ವರ್ಷದ ಮೇಲೆ ಊರಿಗೆ ಮರಳಿದ ಆಲ್ಬರ್ಟ್ (ವಿಜಯ್ ಸೇತುಪತಿ) ತಾಯಿ ತೀರಿಹೋದ ಖಾಲಿ ಮನೆಯಿಂದ ಹೊರಗೆ ಬರುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ. ಒಂದು ರೆಸ್ಟೋರೆಂಟಿನಲ್ಲಿ ಗುರುತಿಲ್ಲದ ಗಂಡಸೊಬ್ಬ, ‘ಆ ಮೇಜಿನಲ್ಲಿ ಕೂತ ಹೆಂಗಸಿಗೆ ನಾನು ಹೊರಟೆ ಅಂತ ಹೇಳಿಬಿಡಿ’ ಎಂದು ಜಾರಿಕೊಳ್ಳುತ್ತಾನೆ. ಆ ಹೆಂಗಸು ಮರಿಯಾ (ಕತ್ರಿನಾ ಕೈಫ್). ಜೊತೆಯಲ್ಲಿ ಮಾತು ಬಾರದ ಪುಟ್ಟ ಮಗಳು ಆ್ಯನಿ, ಮಗುವಿನ ಕೈಯಲ್ಲಿ ಟೆಡ್ಡಿ ಬೊಂಬೆ. ಅಲ್ಲಿಂದ ಸಿನಿಮಾ ಮಂದಿರ, ರಸ್ತೆ, ಅವಳ ಮನೆ, ಮತ್ತೆ ರಸ್ತೆ. ತಿರುಗಿ ಮನೆಗೆ ಬಂದಾಗ ಅಲ್ಲಿ ಒಂದು ಹೆಣ. ಇಷ್ಟಕ್ಕಿಂತ ಹೆಚ್ಚು ತಿಳಿದುಕೊಂಡು ಕೂರಬೇಡಿ.

ಈಗ ನಿಧಾನದ ಮಾತಿಗೆ ಬರೋಣ. ಚಿತ್ರ ಶುರುವಾಗುವುದೇ ಎರಡು ಮಿಕ್ಸರ್‌ಗಳಿಂದ. ಪರದೆ ಎರಡು ಭಾಗವಾಗಿದೆ. ಒಂದು ಕಡೆಯ ಜಾರಿನಲ್ಲಿ ಒಣಮೆಣಸು, ಬೇಳೆ ಬಿದ್ದು ಚಟ್ನಿಪುಡಿಯಾಗುತ್ತಿದೆ. ಇನ್ನೊಂದು ಕಡೆ ಅದೇ ಥರದ ಜಾರಿನಲ್ಲಿ ಮಾತ್ರೆಗಳು ಬಿದ್ದು ಪುಡಿಯಾಗುತ್ತಿವೆ. ಸದ್ದು ಎರಡರದೂ ಒಂದೇ. ಯಾರ ಮನೆ, ಯಾರ ಕೈ ಎಂಬುದನ್ನು ಹೇಳದೆ ಚಿತ್ರ ಮುಂದೆ ಹೋಗಿಬಿಡುತ್ತದೆ. ನಾವು ಸಾಮಾನ್ಯವಾಗಿ ಈ ಹೊತ್ತಿನಲ್ಲಿ ಕುರ್ಚಿ ಎಳೆದುಕೊಳ್ಳುತ್ತಿರುತ್ತೇವೆ, ಅಡುಗೆಮನೆಯಿಂದ ಕವಳದ ತಟ್ಟೆ ತರುತ್ತಿರುತ್ತೇವೆ. ಆದರೆ ನಿರ್ದೇಶಕ ಅಲ್ಲಿಯೇ ತನ್ನ ಲೆಕ್ಕವನ್ನು ಮುಂದಿಟ್ಟಾಗಿರುತ್ತದೆ: ಒಂದೇ ರೀತಿ ಕಾಣುವ ಎರಡು ವಸ್ತುಗಳಲ್ಲಿ ಒಂದು ಊಟಕ್ಕೆ, ಇನ್ನೊಂದು ಬೇರೆ ಕೆಲಸಕ್ಕೆ. ಮೊದಲ ಎರಡು ನಿಮಿಷ ತಪ್ಪಿಸಿಕೊಂಡವರಿಗೆ ಕೊನೆಯಲ್ಲಿ ಸಿಗಬೇಕಾದ ರೋಮಾಂಚ ಅರ್ಧಕ್ಕೆ ಇಳಿಯುತ್ತದೆ.

ಆಮೇಲಿನ ಒಂದು ತಾಸಿನಲ್ಲಿಯೂ ಇದೇ ವಿಧಾನ. ಮಾತುಗಳು ನಮ್ಮ ಗಮನವನ್ನು ಒಂದು ಕಡೆ ಎಳೆದಿಟ್ಟುಕೊಂಡಿರುತ್ತವೆ, ನಿಜವಾದ ಸಂಗತಿ ಕೋಣೆಯ ಮೂಲೆಯಲ್ಲಿ ಇರುತ್ತದೆ. ಯಾವ ಸಾಮಾನು ಎಲ್ಲಿದೆ, ಯಾರು ಯಾವ ಬಾಗಿಲಿನಿಂದ ಬಂದರು, ಲೋಟ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಮಗು ಯಾವಾಗ ಮಲಗಿತು: ಇವೆಲ್ಲವನ್ನೂ ಕ್ಯಾಮೆರಾ ಮುಚ್ಚುಮರೆ ಇಲ್ಲದೆ ತೋರಿಸುತ್ತದೆ. ಛಾಯಾಗ್ರಾಹಕ ಮಧು ನೀಲಕಂಠನ್ ಕತ್ತಲನ್ನು ಕೆಂಪು, ಹಳದಿ ದೀಪಗಳಿಂದ ತುಂಬಿದ್ದಾರೆ. ಕಣ್ಣು ಸುಮ್ಮನೆ ಬಣ್ಣದ ಮೇಲೆ ತೇಲಿಹೋಗುವ ಅಪಾಯ ಇರುವುದೂ ಅದರಿಂದಲೇ. ಸಂಕಲನಕಾರ್ತಿ ಪೂಜಾ ಲಢಾ ಸುರ್ತಿ ಈ ಭಾಗವನ್ನು ಇನ್ನಷ್ಟು ಕತ್ತರಿಸಬಹುದಿತ್ತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮನೆಯೊಳಗೆ ಇಬ್ಬರೂ ಹಾಡು ಹಾಕಿಕೊಂಡು ಕುಣಿಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಕಥೆ ಮುಂದೆ ಓಡುವುದಿಲ್ಲ, ನಿಜ. ಆದರೆ ಆಲ್ಬರ್ಟ್ ಎಂಬ ಭಾರದ ಮನುಷ್ಯ ಅಲ್ಲಿ ಮೊದಲ ಸಲ ಹಗುರಾಗುತ್ತಾನೆ. ಆ ಹಗುರವನ್ನು ನಂಬದಿದ್ದರೆ ಕೊನೆಯಲ್ಲಿ ಅವನು ತೆಗೆದುಕೊಳ್ಳುವ ನಿರ್ಧಾರವನ್ನು ಯಾರೂ ನಂಬಲಾರರು. ‘ಒಂದು ರಾತ್ರಿಯ ಪರಿಚಯಕ್ಕೆ ಯಾರಾದರೂ ಇಷ್ಟು ಮಾಡುತ್ತಾರಾ?’ ಎಂದು ಕೇಳುವವರು ಹೆಚ್ಚಾಗಿ ಈ ಭಾಗವನ್ನು ಹತ್ತು ಸೆಕೆಂಡಿನ ಬಟನ್ ಒತ್ತಿ ದಾಟಿದವರೇ ಆಗಿರುತ್ತಾರೆ.

ಕಥೆಯ ಮೂಲ ಫ್ರೆಂಚ್ ಲೇಖಕ ಫ್ರೆಡೆರಿಕ್ ದಾರ್ ಅವರ 1961ರ ಕಾದಂಬರಿ. ಮೂಲದ ಚೌಕಟ್ಟು ಗಟ್ಟಿ ಇರುವುದರಿಂದಲೇ ಕಥೆ ಬಾಂಬೆಗೆ ಬಂದರೂ ಅಲುಗಿಲ್ಲ. ಬದಲಾಗಿರುವುದು ಮುಖ್ಯವಾಗಿ ಕೊನೆಯ ಭಾಗ, ಅದು ಪೂರ್ತಿ ರಾಘವನ್ ಮತ್ತು ಅವರ ಬರಹಗಾರರ ಬಳಗದ್ದು.

ಆ ಕೊನೆಯ ಭಾಗ ಪೊಲೀಸ್ ಠಾಣೆಯಲ್ಲಿ ನಡೆಯುತ್ತದೆ. ಅದರ ಕಡೆಯ ನಿಮಿಷಗಳಲ್ಲಿ ಬಹುತೇಕ ಮಾತೇ ಇಲ್ಲ, ಇಟಲಿಯ ಹಳೆಯ ಸಂಗೀತಗಾರ ವಿವಾಲ್ಡಿಯ ಪಿಟೀಲು ಏರುತ್ತ ಹೋಗುತ್ತದೆ. ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ, ಅಲ್ಲಿಂದ ಮೇಜಿನ ಮೇಲಿನ ಒಂದು ಸಣ್ಣ ವಸ್ತುವಿನ ಮೇಲೆ, ಅಲ್ಲಿಂದ ಪೊಲೀಸರ ಮುಖದ ಮೇಲೆ. ಪ್ರೇಕ್ಷಕರು ಇಬ್ಭಾಗ ಆಗುವುದು ಇಲ್ಲಿಯೇ. ‘ಮುಗೀತಾ? ಆಮೇಲೆ ಏನಾಯ್ತು?’ ಎಂದು ಕೇಳುವವರಿದ್ದಾರೆ. ಯಾರಾದರೂ ಎದ್ದು ನಿಂತು ಎಲ್ಲವನ್ನೂ ಬಿಡಿಸಿ ಹೇಳುವ ಕೊನೆ ಹಿಂದಿ ಥ್ರಿಲ್ಲರ್‌ಗಳಲ್ಲಿ ರೂಢಿಯಾಗಿಬಿಟ್ಟಿದೆ. ಇಲ್ಲಿ ಆ ವಿವರಣೆಯನ್ನು ನಾವೇ ಕೂಡಿಸಿಕೊಳ್ಳಬೇಕು. ಬೇಕಾದ ತುಣುಕುಗಳೆಲ್ಲ ಆ ‘ಏನೂ ಆಗದ’ ತಾಸಿನಲ್ಲಿ ಕೈಗೆ ಸಿಕ್ಕಿರುತ್ತವೆ. ಪ್ರಸಂಗದ ಕಥೆ ಬಾಯಿಪಾಠ ಇದ್ದರೂ ಯಕ್ಷಗಾನಕ್ಕೆ ಬೆಳಗಿನ ಜಾವದವರೆಗೆ ಕೂರುವ ನಮ್ಮ ಕಡೆಯ ಪ್ರೇಕ್ಷಕರಿಗೆ ಇಂಥ ಕೊನೆ ಹೊಸದೇನೂ ಆಗಬಾರದು. ಏನು ಆಯಿತು ಎನ್ನುವುದಕ್ಕಿಂತ ಪಾತ್ರ ಆ ಗಳಿಗೆಯಲ್ಲಿ ಹೇಗೆ ನಿಂತಿತು ಎಂದು ನೋಡುವ ಅಭ್ಯಾಸ ಅವರಿಗೆ ಮೊದಲೇ ಇದೆ.

ವಿಜಯ್ ಸೇತುಪತಿಯ ಹಿಂದಿ ಬಗ್ಗೆಯೂ ದೂರು ಇದೆ. ತಮಿಳಿನ ಧಾಟಿ ಇದೆ, ಮಾತು ನಿಧಾನ. ಶಾಲೆಯ ಹಿಂದಿಯಷ್ಟೇ ಬರುವ ನಮ್ಮವರಿಗೆ ಇದು ಅನುಕೂಲವೇ, ಸಬ್‌ಟೈಟಲ್ ಇಲ್ಲದೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ದ್ವಿತೀಯಾರ್ಧದಲ್ಲಿ ಪೊಲೀಸರಾಗಿ ವಿನಯ್ ಪಾಠಕ್, ಅಶ್ವಿನಿ ಕಾಳ್ಸೇಕರ್ ಬಂದಾಗ ಮಾತಿನ ವೇಗ ಹೆಚ್ಚುತ್ತದೆ, ಅಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು. ಕೈಗಾ ಅಣುಸ್ಥಾವರದ ಟೌನ್‌ಶಿಪ್, ಕಾರವಾರದ ನೌಕಾನೆಲೆಯ ಕಾಲನಿಗಳಲ್ಲಿ ದಿನಾ ಹಿಂದಿ ಆಡುವವರಿಗೆ ಆ ತೊಂದರೆ ಇಲ್ಲ. ಆ ಠಾಣೆಯ ಮಾತುಕತೆಯ ಹಾಸ್ಯ ಅವರಿಗೆ ಪೂರ್ತಿ ದಕ್ಕುತ್ತದೆ. ಕತ್ರಿನಾ ಅವರ ಉಚ್ಚಾರ ಮರಿಯಾಗೆ ಹೊಂದಿಕೊಂಡಿದೆ. ಅವರು ಇಷ್ಟು ಸಂಯಮದಿಂದ ಮಾಡಿದ ಪಾತ್ರ ಇನ್ನೊಂದಿಲ್ಲ.

ಕರಾವಳಿಯ ನೋಡುಗರಿಗೆ ಇನ್ನೊಂದು ಎಳೆ ಸುಲಭವಾಗಿ ಸಿಗುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರಗಳ ಕೊಂಕಣಿ ಕ್ರೈಸ್ತ ಕೇರಿಗಳಲ್ಲಿ ಡಿಸೆಂಬರ್ 24ರ ರಾತ್ರಿ ಎಂದರೆ ನಕ್ಷತ್ರದ ಗೂಡುದೀಪ, ಕುಸ್ವಾರದ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆ, ಮಧ್ಯರಾತ್ರಿಯ ಪೂಜೆ. ಎಲ್ಲರೂ ತಮ್ಮವರ ಜೊತೆ ಇರುವ ರಾತ್ರಿ ಅದು. ಅಂಥ ರಾತ್ರಿಯಲ್ಲಿ ಒಬ್ಬ ಗಂಡಸು, ಒಬ್ಬ ತಾಯಿ, ಮಗು ಬೀದಿಯಲ್ಲಿ ಇದ್ದಾರೆಂದರೆ ಏನೋ ಮುರಿದಿದೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಂಕಣ ರೈಲು ಬರುವ ಮೊದಲು ಬಾಂಬೆಗೆ ದುಡಿಯಲು ಹೋದವರ ಮನೆಗಳು ಈ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ವರ್ಷಗಟ್ಟಲೆ ಬಿಟ್ಟು ಬಂದು ಬೀಗ ತೆಗೆದು ಒಳಗೆ ಹೋಗುವ ಆಲ್ಬರ್ಟ್‌ನ ಆ ಮೊದಲ ದೃಶ್ಯ ಅಂಥ ಮನೆಗಳಲ್ಲಿ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ.

ಕೊರತೆ ಇಲ್ಲವೆಂದಲ್ಲ. ಆಲ್ಬರ್ಟ್‌ನ ಹಳೆಯ ಪ್ರೇಮದ ಕಥೆ ಅವಸರದಲ್ಲಿ ಮುಗಿಯುತ್ತದೆ. ರಾಧಿಕಾ ಆಪ್ಟೆಗೆ ಸಿಕ್ಕಿರುವುದು ಕೆಲವೇ ನಿಮಿಷ, ಅವನ ಗಾಯದ ಆಳ ಅಷ್ಟರಲ್ಲಿ ಕಾಣುವುದಿಲ್ಲ. ನಡುವೆ ಸಂಜಯ್ ಕಪೂರ್ ಪಾತ್ರ ಬಂದಾಗ ನಗು ಬರುತ್ತದೆ, ಆದರೆ ಬಿಗಿ ಸಡಿಲವಾಗುತ್ತದೆ. ನಿಜವಾಗಿ ನಿಧಾನವಾದ ಭಾಗ ನನ್ನ ಪ್ರಕಾರ ಅದು, ಮೊದಲ ತಾಸಲ್ಲ. ಪ್ರೀತಮ್ ಹಾಡುಗಳು ಕೇಳುವಾಗ ಹಿತವಾಗಿವೆ, ಮನೆಗೆ ಬಂದ ಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ. ಡೇನಿಯಲ್ ಬಿ. ಜಾರ್ಜ್ ಅವರ ಹಿನ್ನೆಲೆ ಸಂಗೀತ ಉಳಿಯುತ್ತದೆ.

ಇನ್ನು ಮನೆಯಲ್ಲಿ ನೋಡುವ ಬಗ್ಗೆ. ಚಿತ್ರದ ಉದ್ದ 2 ತಾಸು 24 ನಿಮಿಷ. ಎಚ್‌ಡಿಯಲ್ಲಿ ತಾಸಿಗೆ 3 ಜಿಬಿಯವರೆಗೆ ಡೇಟಾ ಬೇಕು, ಅಂದರೆ ಪೂರ್ತಿ ಚಿತ್ರಕ್ಕೆ 7 ಜಿಬಿ ಹತ್ತಿರ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಹಚ್ಚಿದರೆ ಒಂದು ತಾಸಿನೊಳಗೇ ವೇಗ ಬಿದ್ದು ಚಿತ್ರ ಮಸುಕಾಗುತ್ತದೆ. ಹಾಗೆ ಮಸುಕಾಗುವುದು ಸರಿಯಾಗಿ ಆ ಕತ್ತಲಿನ ಮನೆಯ ದೃಶ್ಯಗಳಲ್ಲಿ, ಸಾಮಾನುಗಳೆಲ್ಲ ಕಪ್ಪು ಮುದ್ದೆಯಾಗಿ ಕಾಣುತ್ತವೆ. ಮನೆಯಲ್ಲಿ ಫೈಬರ್ ಇದ್ದರೆ 5 ಎಂಬಿಪಿಎಸ್ ಸ್ಥಿರವಾಗಿ ಬಂದರೆ ಸಾಕು. ಹಳ್ಳಿಮನೆಗಳಲ್ಲಿ ಸಿಗ್ನಲ್ ಹೋಗಿ ಬಂದು ಮಾಡುತ್ತಿದ್ದರೆ ವೈಫೈ ಇರುವ ಕಡೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕರೆಂಟ್ ಹೋಗುವ ಊರಾದರೆ ಇನ್ವರ್ಟರ್‌ಗೆ ಟಿವಿ ಜೊತೆ ರೂಟರ್‌ನ ಪ್ಲಗ್ಗನ್ನೂ ಹಾಕಿಟ್ಟಿರಿ. ಟಿವಿ ಉರಿಯುತ್ತಿದ್ದು ನೆಟ್ ಮಾತ್ರ ಹೋಗುವುದು ಇದನ್ನು ಮರೆತಾಗಲೇ.

ಟಿವಿಯ ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಬದಲಿಸಿ. ಮೋಷನ್ ಸ್ಮೂದಿಂಗ್ ಥರದ ಸೌಲಭ್ಯ ಯಾವ ಹೆಸರಲ್ಲಿದ್ದರೂ ಬಂದ್ ಮಾಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತಾನೇ ಫ್ರೇಮ್ ಸೇರಿಸಿದರೆ ಎಲ್ಲವೂ ಧಾರಾವಾಹಿಯಂತೆ ಕಾಣುತ್ತದೆ. ಕತ್ತಲು ಹೆಚ್ಚಾಯಿತೆಂದು ‘ಬ್ರೈಟ್‌ನೆಸ್’ ಏರಿಸುವುದು ಬಹಳ ಜನ ಮಾಡುವ ಕೆಲಸ. ಹಲವು ಟಿವಿಗಳಲ್ಲಿ ಹಾಗೆ ಮಾಡಿದರೆ ಕಪ್ಪು ಬೂದಿಯಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಏರಿಸಬೇಕಾದದ್ದು ‘ಬ್ಯಾಕ್‌ಲೈಟ್’. ಅದಕ್ಕಿಂತ ಮೇಲು, ಕೋಣೆಯ ದೀಪ ಆರಿಸಿ ರಾತ್ರಿ ನೋಡುವುದು.

ಧ್ವನಿಗೆ ಆಡಿಯೋ ಪಟ್ಟಿಯಲ್ಲಿ 5.1 (ಆರು ಸ್ಪೀಕರ್‌ಗೆ ಹಂಚಿದ ಧ್ವನಿ) ಆಯ್ಕೆಯಾಗಿದ್ದು ನಿಮ್ಮದು ಬರೀ ಟಿವಿಯ ಎರಡು ಸ್ಪೀಕರ್ ಆಗಿದ್ದರೆ ಮಾತು ತಗ್ಗಿ ಸಂಗೀತ ಮೇಲೇಳುತ್ತದೆ. ನಡುವಿನ ಸ್ಪೀಕರಿನಿಂದ ಬರಬೇಕಾದ ಮಾತನ್ನು ಎರಡು ಕಡೆ ಹಂಚಬೇಕಾಗುವುದರಿಂದ ಹೀಗಾಗುವುದು. ಸಾದಾ ಸ್ಟೀರಿಯೋ ಹಿಂದಿ ಆರಿಸಿಕೊಂಡರೆ ಸರಿಹೋಗುತ್ತದೆ. ಆಷಾಢದ ಮಳೆಯಲ್ಲಿ ಹಂಚಿನ ಮಾಡಿನ ಕೆಳಗೆ ನೋಡುವವರು ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿಕೊಳ್ಳಬೇಕು. ಆಲ್ಬರ್ಟ್ ಮೆಲ್ಲಗೆ ಆಡುವ ಮಾತು ಶಿರಸಿಯ ಮಳೆಗೆ ಎದುರು ನಿಲ್ಲುವುದಿಲ್ಲ.

ಕುಡಿತ, ಬಂದೂಕು, ಹೆಣ ಎಲ್ಲ ಇರುವುದರಿಂದ ಸಣ್ಣ ಮಕ್ಕಳ ಜೊತೆ ಕೂರುವ ಚಿತ್ರ ಇದಲ್ಲ, ಪರದೆಯ ಮೇಲೆ ಮಗು ಇದ್ದರೂ. ನಾಲ್ಕು ಮನೆಯವರು ಸೇರಿ ನೋಡಿದರೆ ಕೊನೆಯ ಬಗ್ಗೆ ಒಳ್ಳೆಯ ಚರ್ಚೆಯಾಗುತ್ತದೆ. ಆದರೆ ಸಂಘದ ಸಭಾಭವನದಲ್ಲಿ ಪ್ರೊಜೆಕ್ಟರ್ ಹಚ್ಚಿ ತೋರಿಸಲು ಮನೆಯ ಚಂದಾದಾರಿಕೆ ಸಾಲುವುದಿಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಪ್ರತ್ಯೇಕ ಅನುಮತಿ ಬೇಕು.

ಎರಡನೇ ಸಲ ನೋಡುವ ಮನಸ್ಸಾದರೆ ತಮಿಳು ಆವೃತ್ತಿ ಹಾಕಿ. ಅದು ಡಬ್ಬಿಂಗ್ ಅಲ್ಲ, ನಾಯಕ ನಾಯಕಿಯನ್ನು ಹಾಗೇ ಇಟ್ಟುಕೊಂಡು ಬೇರೆಯಾಗಿ ಚಿತ್ರೀಕರಿಸಿದ್ದು. ಪೊಲೀಸ್ ಪಾತ್ರಗಳಲ್ಲಿ ಅಲ್ಲಿ ರಾಧಿಕಾ ಶರತ್‌ಕುಮಾರ್ ಮತ್ತು ಷಣ್ಮುಗರಾಜನ್ ಇದ್ದಾರೆ. ತನ್ನ ಭಾಷೆಗೆ ಮರಳಿದ ಸೇತುಪತಿ ಅದೇ ದೃಶ್ಯಗಳಲ್ಲಿ ಇನ್ನೂ ಸಲೀಸಾಗಿ ಕಾಣುತ್ತಾರೆ. ಗುಟ್ಟು ಆಗಲೇ ಗೊತ್ತಿರುವುದರಿಂದ ಕಣ್ಣು ಈ ಸಲ ಮರಿಯಾಳ ಮೇಲಿರಲಿ: ಆಲ್ಬರ್ಟ್ ಮಾತಾಡುವಾಗಲೆಲ್ಲ ಅವಳು ಏನನ್ನು ನೋಡುತ್ತಿದ್ದಾಳೆ, ಯಾವ ಪ್ರಶ್ನೆಗೆ ಉತ್ತರಿಸದೆ ಬಿಡುತ್ತಾಳೆ ಎಂಬುದು ಆಗ ಸಿಗುತ್ತ ಹೋಗುತ್ತದೆ.