ಎನ್‌ವಿಡಿಎ: ವಿಶ್ವವಿದ್ಯಾಲಯದ ಕಂಪ್ಯೂಟರ್‌ಗಳಲ್ಲಿ ಇರಲೇಬೇಕಾದ ಸ್ಕ್ರೀನ್ ರೀಡರ್

2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಎನ್‌ವಿಡಿಎ, ಪರದೆಯ ಮೇಲಿನ ಬರಹವನ್ನು ಅಂಧರಿಗೆ ಓದಿ ಹೇಳುವ, ವಿಂಡೋಸ್‌ಗೆ ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಅದನ್ನು ಕಟ್ಟಿದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಇಬ್ಬರೂ ಅಂಧರು. ಬಳಸುವವರ ಕಷ್ಟ ಬಲ್ಲವರ ಕೆಲಸವೆಂಬುದು ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ.

ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಓದು ಆರಂಭ. ಕಂಟ್ರೋಲ್ ಒಂದನ್ನೇ ಒತ್ತಿದರೆ ಮಾತು ನಿಲ್ಲುತ್ತದೆ. ವೆಬ್ ಪುಟದಲ್ಲಿ ಎಚ್ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ, ಟಿ ಒತ್ತಿ ಕೋಷ್ಟಕಕ್ಕೆ ಹೋಗಬಹುದು. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಕೊಂಡಿಗಳ ಪೂರ್ತಿ ಪಟ್ಟಿಯೇ ಸಿಗುತ್ತದೆ. ಹೊಸ ವಿದ್ಯಾರ್ಥಿಗೆ ಮೊದಲ ದಿನ ಕಲಿಸಲು ಇಷ್ಟು ಸಾಕು.

ಜೊತೆಗೇ ಬರುವ, ಬರಹವನ್ನು ದನಿಯಾಗಿಸುವ ಈಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕ, ಕಿವಿ ಪಳಗಲು ಸಮಯ ಬೇಕು. ಆದರೆ ವೇಗ ಹೆಚ್ಚಿಸಿದರೂ ಅಕ್ಷರ ನುಂಗುವುದಿಲ್ಲ.

ನಿಜವಾದ ತೊಡಕು ಪಾಠದ ಕಡತಗಳದ್ದು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಬರಹ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕೇಳಿಸುತ್ತದೆ, ಮೊದಲೇ ಪರಿವರ್ತಿಸಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಪುಟವಾದರೆ ಇನ್ಸರ್ಟ್ ಜೊತೆ ಆರ್ ಒತ್ತಿ ಚಿತ್ರದಲ್ಲಿನ ಅಕ್ಷರ ಗುರುತಿಸಬಹುದಾದರೂ ಪರದೆಯಲ್ಲಿ ಕಾಣುವಷ್ಟೇ ಭಾಗ ದಕ್ಕುತ್ತದೆ.

ಪೆನ್‌ಡ್ರೈವ್‌ನಲ್ಲಿ ಒಯ್ಯುವ ಎನ್‌ವಿಡಿಎ ಪ್ರತಿಯೂ ಅನುಕೂಲಕರ. ಆದರೆ ಲಾಗಿನ್ ಪರದೆಯಲ್ಲಿ ಅದು ಮಾತಾಡುವುದಿಲ್ಲ. ಪ್ರಯೋಗಾಲಯದ ಕಂಪ್ಯೂಟರ್‌ಗಳಲ್ಲಿ ಪೂರ್ಣವಾಗಿ ಇನ್‌ಸ್ಟಾಲ್ ಮಾಡಿ.