ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು: ಡ್ಯುಯಲ್ ಬೂಟೋ, ವರ್ಚುವಲ್‌ಬಾಕ್ಸೋ?

ತಮ್ಮಾ, ದುಡ್ಡಿನ ಚಿಂತೆ ಬಿಡು. ಉಬುಂಟು (ವಿಂಡೋಸ್‌ನಂಥದ್ದೇ ಒಂದು ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್; ಲಿನಕ್ಸ್‌ನ ಒಂದು ಬಗೆ), ವರ್ಚುವಲ್‌ಬಾಕ್ಸ್ (ವಿಂಡೋಸ್ ಒಳಗೇ ಇನ್ನೊಂದು ಓಎಸ್ ಓಡಿಸುವ ತಂತ್ರಾಂಶ) ಎರಡೂ ಪುಕ್ಕಟೆ. ಹೇಗೆ ಹಾಕಿದರೂ 25 ಜಿಬಿ ಜಾಗ ಬಿಟ್ಟಿರು.

ಡ್ಯುಯಲ್ ಬೂಟ್ ಅಂದರೆ ಎರಡೂ ಓಎಸ್ ಡಿಸ್ಕ್‌ನಲ್ಲಿ ಹಾಕಿ, ಆನ್ ಮಾಡುವಾಗ ಒಂದನ್ನು ಆರಿಸುವುದು. ವೇಗಕ್ಕೆ ಅದೇ ಮೇಲು. ಇಡೀ ರ್‍ಯಾಮ್ ಒಂದೇ ಓಎಸ್‌ಗೆ ಸಿಗುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಎರಡೂ ಹಂಚಿಕೊಳ್ಳಬೇಕು. 4 ಜಿಬಿ ಮಾತ್ರ ಇದ್ದರೆ ಒದ್ದಾಡುತ್ತದೆ.

ಆದರೆ ಡ್ಯುಯಲ್ ಬೂಟ್‌ಗೆ ಡಿಸ್ಕ್ ಭಾಗ ಮಾಡಬೇಕಲ್ವಾ, ಭಯ ಇರುವುದು ಅಲ್ಲೇ. ಧಾರವಾಡದಲ್ಲಿ ಓದುವಾಗ ಒಂದು ತಪ್ಪು ಕ್ಲಿಕ್‌ಗೆ ನನ್ನ ಪ್ರಾಜೆಕ್ಟ್ ಪೂರ್ತಿ ಹೋಯಿತು. ಇಂದಿಗೂ ಸಂಕಟ ಆಗುತ್ತದೆ. ಮೊದಲು ಬ್ಯಾಕಪ್ ತಗೋ. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಹಾಳೆಯ ಮೇಲೆ ಬರೆದಿಡು. ಕರೆಂಟ್ ಹೋಗಬಹುದು, ಬ್ಯಾಟರಿ ತುಂಬಿರಲಿ.

ಹುಬ್ಬಳ್ಳಿಯ ರೂಮಿನಲ್ಲಿ ದಿನವೂ ಲಿನಕ್ಸ್‌ನಲ್ಲೇ ಕೋಡ್ ಬರೆಯುತ್ತೀಯಾ? ಡ್ಯುಯಲ್ ಬೂಟ್ ಮಾಡು. ವಾರಕ್ಕೊಮ್ಮೆ ಲ್ಯಾಬ್ ಕೆಲಸಕ್ಕಷ್ಟೇ ಬೇಕಾ, ಅಥವಾ ಅದು ಅಕ್ಕನೂ ಬಳಸುವ ಲ್ಯಾಪ್‌ಟಾಪಾ? ಹಾಗಾದರೆ ವರ್ಚುವಲ್‌ಬಾಕ್ಸ್ ಸಾಕು. ಬೇಡವಾದಾಗ ಅಳಿಸಿದರೆ ವಿಂಡೋಸ್‌ಗೆ ಏನೂ ಆಗುವುದಿಲ್ಲ.